ನೆಗಡಿಯಾದಾಗ ನೀಲಿ

ಪರದೆ ಅಕ್ಕ ಮದುವೆಯಾದದ್ದು ಬಣ್ಣ ನೋಡಿ. ಮೈಬಣ್ಣ ಅಂದುಕೊಳ್ಳಬೇಡಿ. ಅವಳು ಮೆಚ್ಚಿದ ಬಣ್ಣ ಗಂಡಿನ ಧ್ವನಿಯಲ್ಲಿತ್ತು. ಹೀಗೆಂದರೆ ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದರಿಂದ, ಕೇಳಿದವರಿಗೆಲ್ಲ "ಒಳ್ಳೆ ಮನುಷ್ಯ, ಖಾಯಂ ಕೆಲಸ" ಎಂದಷ್ಟೇ ಹೇಳಿ ಕೈ ತೊಳೆದುಕೊಂಡಿದ್ದಳು.

ಪರದೆ ಅಕ್ಕ ಎಂಬ ಹೆಸರು ಕೆಲಸದಿಂದ ಬಂದದ್ದು. ದೊಡ್ಡ ರಸ್ತೆಯ ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ಅರ್ಧ ಕಿಟಕಿಗಳ ಮಾನ ಮುಚ್ಚಿದವಳು ಅವಳು. ಆದರೆ ಹುಟ್ಟಿನಿಂದಲೇ ಬಂದದ್ದು ಬೇರೊಂದಿತ್ತು. ಯಾವ ಸದ್ದು ಕಿವಿಗೆ ಬಿದ್ದರೂ ಅವಳಿಗೆ ಅದರ ಬೆನ್ನಿಗೆ ಒಂದು ಬಣ್ಣ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡರೂ ಬಿಡುತ್ತಿರಲಿಲ್ಲ. ಬಾಗಿಲು ಕಿರುಗುಟ್ಟಿದರೆ ಸಾಸಿವೆ ಹಳದಿ, ನಲ್ಲಿ ತೊಟ್ಟಿಕ್ಕಿದರೆ ಬೆಳ್ಳಿಯ ಚುಕ್ಕಿಗಳು, ಅಪ್ಪ ಕೆಮ್ಮಿದರೆ ಇಟ್ಟಿಗೆ ಕೆಂಪು. ಎಲ್ಲರಿಗೂ ಹೀಗೇ ಎಂದು ನಂಬಿಕೊಂಡೇ ಅವಳು ಬೆಳೆದಳು. ಚಿಕ್ಕವಳಾಗಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಗೆ ಓಡಿಬಂದು, "ಅಮ್ಮಾ, ಕುಕ್ಕರ್ ಇವತ್ತು ಯಾಕೆ ಗುಲಾಬಿಯಾಗಿ ಕೂಗ್ತಿದೆ? ದಿನಾ ಕಿತ್ತಳೆ ತಾನೆ?" ಎಂದು ಕೇಳಿದಳು.

ಅಮ್ಮ ಸೌಟು ಕೆಳಗಿಟ್ಟು ಮಗಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹಿಂದಿನ ದಿನ ಕುಕ್ಕರಿಗೆ ಹೊಸ ರಬ್ಬರ್ ಹಾಕಿಸಿದ್ದರು, ಅಷ್ಟೇ.

ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹುಡುಗಿ ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೆ ಓದಿ, ಅದರ ಕೆಳಗೆ ಅಚ್ಚಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದಳು. "ಕಣ್ಣು ರತ್ನದ ಹಾಗಿದೆ, ಕಿವಿ ತೋರಿಸಿ" ಎಂದರು ಅವರು. ಕಿವಿಯ ಡಾಕ್ಟರು ಅವಳ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಸದ್ದು ಕೇಳಿದ ಕೂಡಲೇ ಕೈ ಎತ್ತು ಪುಟ್ಟಾ" ಎಂದರು.

"ಹಸಿರಿಗೆ ಎತ್ತಲಾ, ನೇರಳೆಗೆ ಎತ್ತಲಾ?" ಎಂದು ಕೇಳಿದಳು ಹುಡುಗಿ.

ಡಾಕ್ಟರು ಹೆಡ್‌ಫೋನ್ ಕಿತ್ತು ತಮ್ಮ ಕಿವಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡೂ ಕೇಳಿದರು. ಕೊನೆಗೆ, "ಇದು ಕಣ್ಣಿಗೆ ಸಂಬಂಧಪಟ್ಟದ್ದು" ಎಂದು ವಾಪಸು ಕಳಿಸಿದರು. ಕಣ್ಣಿಗೂ ಕಿವಿಗೂ ಮಧ್ಯೆ ಬಸ್ಸಿನಲ್ಲಿ ಓಡಾಡಿ ಅಮ್ಮನಿಗೆ ಮಂಡಿನೋವು ಬಂದದ್ದೇ ಲಾಭ. ಮನೆಯಲ್ಲಿ ಅಜ್ಜಿ ತೀರ್ಪು ಕೊಟ್ಟಳು: "ಕಾಣೋದು ಕಾಣ್ಲಿ ಬಿಡೆ. ಬಾಯಿ ಮುಚ್ಕೊಂಡಿದ್ರೆ ಆಯ್ತು." ಅಂದಿನಿಂದ ಹುಡುಗಿ ಬಾಯಿ ಮುಚ್ಚಿಕೊಂಡಳು. ಅಜ್ಜಿಯ ಧ್ವನಿ ಬಾಡಿದ ಬದನೆಕಾಯಿಯ ಬಣ್ಣದ್ದೆಂದು ಯಾರಿಗೂ ಹೇಳಲಿಲ್ಲ.

ಅವಳು ಪರದೆ ಅಂಗಡಿಯಲ್ಲಿ ನೆಲೆಯೂರಿದ ಮೇಲೆ ಒಂದು ಚಳಿಗಾಲದಲ್ಲಿ ರೈಲ್ವೆ ಸ್ಟೇಷನ್ನಿನ ಅನೌನ್ಸರ್ ಅಂಗಡಿಗೆ ಬಂದ. ಯಾವ ಗಾಡಿ ಎಷ್ಟೊತ್ತಿಗೆ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ, ಮೂಗು ಟೊಮೆಟೋ ಆಗಿತ್ತು, ಕೈಯಲ್ಲಿ ಕರವಸ್ತ್ರವಿತ್ತು.

"ದಬಸ್ಕಾರ ಬೇಡಬ್," ಎಂದ.

ಪರದೆ ಅಕ್ಕನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಆ ಎರಡು ಮಾತಿಗೆ ಇಡೀ ಅಂಗಡಿ ನೀಲಿಯಾಗಿಬಿಟ್ಟಿತ್ತು. ಶಾಯಿಯ ಸೀಸೆಯನ್ನು ಬೆಳಕಿಗೆ ಹಿಡಿದರೆ ಕಾಣುತ್ತದಲ್ಲ, ಆ ನೀಲಿ. ಅಂಥ ನೀಲಿಯನ್ನು ಅವಳು ಯಾವ ಬಟ್ಟೆಯ ಥಾನಿನಲ್ಲೂ ಕಂಡಿರಲಿಲ್ಲ, ಯಾವ ಸದ್ದಿನಲ್ಲೂ ಕಂಡಿರಲಿಲ್ಲ.

"ಏನು ಬೇಕಿತ್ತು ಸಾರ್?"

"ಒದ್ದು ಪರದೆ. ಬಿಸಿಲು ದೇರವಾಗಿ ಬೈಕ್ ಬೇಲೆ ಬೀಳುತ್ತೆ."

"ಬೈಕಾ? ಸ್ಟೇಷನ್ ಒಳಗೆ ಬೈಕ್ ಯಾಕೆ ನಿಲ್ಲಿಸಿದ್ದೀರಿ?"

"ಬೈಕ್ ಅಲ್ಲ ಬೇಡಬ್, ಬೈಕ್!" ಎಂದು ಅವನು ಮುಷ್ಟಿಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದ. ಮೈಕು! ಅವಳಿಗೆ ಅರ್ಥವಾಯಿತು. ಆದರೂ ಇನ್ನೊಂದು ಸಲ ಹೇಳಿಸಿದಳು. ನೀಲಿ ನೋಡುವ ಆಸೆ.

"ಪರದೆ ಯಾವ ಬಣ್ಣದ್ದು ಬೇಕು?"

ಅವನು ಸ್ವಲ್ಪ ಗಾಬರಿಯಾದಂತೆ ಕಂಡ. "ದಿಬಗೆ ಯಾವುದು ಚೆದ್ದ ಕಾಡುತ್ತೋ ಅದೇ," ಎಂದ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಳು ಪರದೆ ಅಕ್ಕ.

ಅಳತೆ ಕೊಡಲು ಬಂದವನು ಪರದೆ ಒಯ್ಯಲು ಬಂದ, ಆಮೇಲೆ ಪರದೆಯ ಉದ್ದ ಹೆಚ್ಚಾಯಿತೆಂದು ಬಂದ, ಕತ್ತರಿಸಿಕೊಟ್ಟ ಮೇಲೆ ಗಿಡ್ಡವಾಯಿತೆಂದು ಬಂದ. ಆ ವರ್ಷದ ಚಳಿಗೆ ನೆಗಡಿಯೂ ಅವನನ್ನು ಬಿಡಲಿಲ್ಲ. ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ದಾವಿಬ್ಬರೂ ಬದುವೆ ಆಗೋಡ್ವಾ?" ಎಂದು ಕೇಳಿದ. ಅಷ್ಟು ನೀಲಿಯಾಗಿ ಕೇಳಿದರೆ ಯಾರು ತಾನೇ ಒಲ್ಲೆ ಎಂದಾರು?

ನೋಂದಣಿ ಕಚೇರಿಯಲ್ಲಿ ಮದುವೆ. ಅಧಿಕಾರಿ ಕನ್ನಡಕದ ಮೇಲಿಂದ ನೋಡುತ್ತ, "ಒಪ್ಪಿಗೆ ಇದೆಯಾ?" ಎಂದು ಕೇಳಿದರು. "ಇದೆ ಸಾರ್, ಪೂರ್ತಿ ಒಪ್ಪಿಗೆ ಇದೆ," ಎಂಬ ಉತ್ತರ ಬಂತು. ಆ ಉತ್ತರದ ಬಣ್ಣ ಒದ್ದೆ ರಟ್ಟಿನದು. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆ ಒಂದು ಥರದ ಸತ್ತ ಕಂದಾಗಿರುತ್ತದಲ್ಲ, ಥೇಟ್ ಅದೇ. ಪರದೆ ಅಕ್ಕ ಹಿಂತಿರುಗಿ, ಇಲ್ಲಿ ಒಪ್ಪಿಗೆ ಕೊಟ್ಟವರು ಯಾರಪ್ಪಾ ಎಂದು ನೋಡಿದಳು. ಹಿಂದೆ ಅವಳ ತಂಗಿ ಮಾತ್ರ ಇದ್ದಳು.

ಪಕ್ಕದಲ್ಲಿ ಗಂಡು ಹಲ್ಲು ಬಿಡುತ್ತ ನಿಂತಿದ್ದ. "ಮದುವೆ ದಿನ ಗೊರಗೊರ ಅನ್ನಬಾರದು ಅಂತ ನಿನ್ನೆ ಔಷಧಿ ತಗೊಂಡೆ. ಮೂಗು ಹೇಗೆ ಬಿಟ್ಟಿದೆ ನೋಡು!" ಎಂದು ಸೊಂಯ್ ಎಂದು ಉಸಿರೆಳೆದು ತೋರಿಸಿದ.

"ನೀವು ಹೇಳಿ ಅಮ್ಮಾ, ಒಪ್ಪಿಗೆಯಾ?" ಎಂದರು ಅಧಿಕಾರಿ.

ಅಕ್ಕ ಗಂಡಿನ ಮೂಗನ್ನೇ ನೋಡುತ್ತಿದ್ದಳು. ತಂಗಿ ಹಿಂದಿನಿಂದ ಬಲವಾಗಿ ಚಿವುಟಿದಳು. "ಹಾಂ!" ಎಂದು ಚೀರಿದ್ದನ್ನೇ ಅಧಿಕಾರಿ ಒಪ್ಪಿಗೆಯೆಂದು ಬರೆದುಕೊಂಡರು.

ಮದುವೆಯ ಮೊದಲ ವರ್ಷವನ್ನು ಪರದೆ ಅಕ್ಕ ಒಂದೇ ಗುರಿಗೆ ಮುಡಿಪಿಟ್ಟಳು. ಗಂಡನಿಗೆ ನೆಗಡಿ ಬರಿಸಬೇಕು. ಫ್ಯಾನನ್ನು ಅವನ ಕಡೆಗೆ ತಿರುಗಿಸಿದಳು. ಕುಡಿಯುವ ನೀರಿಗೆ ಮಂಜುಗಡ್ಡೆ ಹಾಕಿದಳು. ಬಸ್ಸಿನಲ್ಲಿ ಯಾರಾದರೂ ಸೀನಿದರೆ ಸಾಕು, "ಅಲ್ಲಿ ಸೀಟು ಖಾಲಿ ಇದೆ, ಹೋಗಿ ಕೂತ್ಕೊಳ್ಳಿ ರೀ" ಎಂದು ಅವನನ್ನು ಸೀನುವವರ ಮಗ್ಗುಲಿಗೆ ತಳ್ಳಿದಳು. ತಾನು ನಿಂತು ನನ್ನನ್ನು ಕೂರಿಸುತ್ತಾಳಲ್ಲ, ಎಂಥ ಹೆಂಡತಿ ಸಿಕ್ಕಿದಳು ಎಂದು ಅವನು ಸ್ಟೇಷನ್ನಿನಲ್ಲೆಲ್ಲ ಹೇಳಿಕೊಂಡು ತಿರುಗಿದ. ಆ ಮನುಷ್ಯನದೋ ಗುಂಡುಕಲ್ಲಿನಂಥ ಮೈ. ಔಷಧಿ ಅಂಗಡಿಯವನು ಅದೇನು ಕೊಟ್ಟಿದ್ದನೋ, ಒಂದು ಸೀನು ಕೂಡ ಬರಲಿಲ್ಲ. ನೆಗಡಿ ಬಂದದ್ದು ಅಕ್ಕನಿಗೇ. ಅವನು ರಜೆ ಹಾಕಿ ಮಂಚದ ಪಕ್ಕ ಕೂತು, "ಬಿಸಿನೀರು ಕುಡಿ, ಇನ್ನೊಂದು ಗುಟುಕು ಕುಡಿ" ಎಂದು ಬೆಳಗಿನಿಂದ ಸಂಜೆಯವರೆಗೆ ರಟ್ಟಿನ ಬಣ್ಣದಲ್ಲಿ ಉಪಚಾರ ಮಾಡಿದ.

"ಸಾಕು ರೀ, ದದಗೆ ಬೇಡ," ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಗುಟ್ಟು ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಅವನು ಸ್ನಾನದ ಮನೆಗೆ ಹೋದರೆ, ಹೆಂಡತಿ ಅವನ ಕಾಲುಚೀಲಗಳನ್ನು ತಣ್ಣೀರಿನಲ್ಲಿ ಅದ್ದಿ ಹಿಂಡುತ್ತಿದ್ದಳು.

"ಏನೇ ಇದು? ಕಾಲುಚೀಲ ದಿನಾ ಒದ್ದೆ ಇರುತ್ತಲ್ಲ, ನನ್ನ ಕಾಲೇ ಬೆವರುತ್ತೆ ಅಂದ್ಕೊಂಡಿದ್ದೆ!"

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಬಕೆಟ್ಟಿನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು, ಅಜ್ಜಿಯ ಬದನೆಕಾಯಿಯಿಂದ ಹಿಡಿದು ಅವನ ಒದ್ದೆ ರಟ್ಟಿನವರೆಗೆ. ಅವನು ಬಾಗಿಲಿಗೆ ಒರಗಿ ನಿಂತು ಕೇಳಿದ. ಸಿಟ್ಟಾಗುತ್ತಾನೆ, ಇಲ್ಲವೇ ಡಾಕ್ಟರ ಹತ್ತಿರ ಹೊರಡಿಸುತ್ತಾನೆ ಎಂದು ಅವಳು ಕಾದಳು. ಅವನು ತಲೆ ಕೆರೆದುಕೊಂಡು, "ಒದ್ದೆ ರಟ್ಟು ಅಂದ್ರೆ ಯಾವ ಬಣ್ಣ?" ಎಂದು ಕೇಳಿದ.

"ಕಂದು ರೀ. ಮಬ್ಬು ಕಂದು."

"ಕಂದು ಅಂದ್ರೆ... ಹಸಿರಿನ ಥರಾನಾ?"

ಪರದೆ ಅಕ್ಕ ಹಿಂಡುವುದನ್ನು ನಿಲ್ಲಿಸಿದಳು. ಅವನು ನೆಲ ನೋಡುತ್ತ ಹೇಳಿದ: "ನಂದೂ ಒಂದಿದೆ. ನನಗೆ ಕೆಂಪು, ಹಸಿರು, ಕಂದು ಎಲ್ಲಾ ಒಂದೇ ಅಣ್ಣತಮ್ಮಂದಿರು. ಮೊದಲು ಸಿಗ್ನಲ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಾಹೇಬರು ಒಂದು ದೀಪ ತೋರಿಸಿ ಇದೇನು ಅಂದ್ರು. ದೀಪ ಅಂದೆ. ಯಾವ ಬಣ್ಣ ಅಂದ್ರು. ನಿಮಗೆ ಯಾವುದು ಬೇಕು ಹೇಳಿ ಅಂದೆ. ಅವತ್ತೇ ನನ್ನ ಮೈಕಿನ ಕೋಣೆಗೆ ಹಾಕಿದ್ರು."

"ಹಾಗಾದ್ರೆ ಈ ಹಸಿರು ಸೀರೆ ನಿನಗೆ ಒಪ್ಪುತ್ತೆ, ಈ ಹಸಿರು ನಿನಗೆ ಒಪ್ಪುತ್ತೆ ಅಂತ ವರ್ಷವೆಲ್ಲ ಹೇಳಿದ್ರಲ್ಲ?"

"ಯಾಕೆ, ಅದು ಹಸಿರಲ್ವಾ?"

"ಅದು ರಕ್ತಗೆಂಪು ರೀ! ನೀವು ತಮಾಷೆ ಮಾಡ್ತಿದ್ದೀರಿ ಅಂತ ನಾನು ನಗ್ತಿದ್ದೆ."

"ಹೊಗಳಿದ್ದಕ್ಕೆ ಖುಷಿಯಾಗಿ ನಗ್ತಿದ್ದೀಯ ಅಂತ ನಾನು ದಿನಾ ಹೇಳ್ತಿದ್ದೆ."

ಅಲ್ಲಿಗೆ ಇಬ್ಬರ ಲೆಕ್ಕವೂ ಚುಕ್ತಾ ಆಯಿತು. ಅವನು ಒಣ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋದ. ಅವಳು ಅಂದಿನಿಂದ ಅವನ ಅಂಗಿ, ಕಾಲುಚೀಲಗಳನ್ನು ತಾನೇ ಆರಿಸಿ ಮಡಿಸಿಡತೊಡಗಿದಳು. ಎರಡು ಕಾಲಿಗೂ ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡು ಬಂದ ಅನೌನ್ಸರನ್ನು ಸ್ಟೇಷನ್ನಿನವರು ಅಂದೇ ಮೊದಲು ಕಂಡದ್ದು.

ಅಷ್ಟರಲ್ಲಿ ಸ್ಟೇಷನ್ನಿಗೆ ಹೊಸ ಯಂತ್ರ ಬಂತು. ಒಂದು ಸಲ ಧ್ವನಿ ತುಂಬಿಸಿಟ್ಟರೆ ಸಾಕು, ಮುಂದೆ ಅದೇ ಕೂಗಿಕೊಳ್ಳುತ್ತದೆ. ಅನೌನ್ಸರನ ಧ್ವನಿಯನ್ನೇ ತುಂಬಿಸುವುದೆಂದು ತೀರ್ಮಾನವಾಯಿತು. ಹೆಂಡತಿ ವರ್ಷವೆಲ್ಲ ಹೆಣಗಿದರೂ ಬಾರದ ನೆಗಡಿ, ಯಾರೂ ಕರೆಯದೆ, ಸರಿಯಾಗಿ ಅದೇ ದಿನ ಬಂತು. ಸ್ಟೇಷನ್ ಮಾಸ್ತರು ಮುಂದಕ್ಕೆ ಹಾಕೋಣವೆಂದರು. ಯಂತ್ರದವನು, "ನಾನು ಬಂದಿರೋದು ಇವತ್ತು, ನೆಗಡಿ ಹೋಗೋದು ಯಾವತ್ತೋ" ಎಂದು ಮೈಕು ಮುಂದಿಟ್ಟ. ಹಾಗಾಗಿ ಮರುದಿನದಿಂದ ಸ್ಟೇಷನ್ನಿನ ಎಲ್ಲ ಸ್ಪೀಕರುಗಳೂ, "ಪ್ರಯಾಡಿಕರ ಗಬದಕ್ಕೆ! ದೂರದೇ ದಬ್ಬರಿದ ಗಾಡಿ ಬೂರದೇ ಪ್ಲಾಟ್‌ಫಾರ್ಬಿಗೆ ಬರಲಿದೆ!" ಎಂದು ಕೂಗತೊಡಗಿದವು.

ಪರದೆ ಅಕ್ಕನಿಗೆ ಹಬ್ಬವೋ ಹಬ್ಬ. ಮಧ್ಯಾಹ್ನ ಅಂಗಡಿಯಿಂದ ಊಟದ ಡಬ್ಬಿ ಎತ್ತಿಕೊಂಡು ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತುಬಿಡುವಳು. ಗಾಡಿಗಳು ಬಂದಷ್ಟೂ ನೀಲಿ, ತಡವಾದರೆ ಇನ್ನೂ ಹೆಚ್ಚು ನೀಲಿ. ಜನರೆಲ್ಲ ಗಾಡಿ ತಡವಾಯಿತೆಂದು ಗೊಣಗುವಾಗ ಇವಳೊಬ್ಬಳು ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದಳು. ಕೂಗುವ ಕೆಲಸ ಹೋಗಿ ವಿಚಾರಣೆ ಕಿಟಕಿಗೆ ಬಂದಿದ್ದ ಗಂಡ ಇದನ್ನು ದಿನವೂ ಗಾಜಿನೊಳಗಿಂದ ನೋಡುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ಕಿಟಕಿ ಮುಚ್ಚಿ ಎದ್ದುಬಂದ.

"ಅವನು ಅಷ್ಟು ಚೆನ್ನಾಗಿದ್ದಾನಾ?"

"ಯಾರು ರೀ?"

"ಅವನೇ. ಮೇಲೆ ಡಬ್ಬದಲ್ಲಿ ಕೂತಿರೋನು."

"ಅಯ್ಯೋ, ಅದು ನೀವೇ ಅಲ್ವೇನ್ರೀ!"

"ನಾನಾದ್ರೆ ನನ್ನ ಜೊತೆ ಕೂತು ಊಟ ಮಾಡು. ಅವನ ಜೊತೆ ಯಾಕೆ?"

ಆ ಸಂಜೆ ಅವನು ಮೂಗಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿಕೊಂಡು ಮನೆಯೊಳಗೆ ಓಡಾಡಿದ. "ಈಗ ಹೇಗಿದೆ?" ಎಂದು ಆಗಾಗ ಕೇಳಿದ. ಕಾಲುಚೀಲದ ಪ್ರಸಂಗದ ಮೇಲೆ ಒಬ್ಬರಿಗೊಬ್ಬರು ಸುಳ್ಳು ಹೇಳಬಾರದೆಂದು ಮಾತಾಗಿತ್ತು. "ರಟ್ಟೇ. ಮೇಲೆ ಪ್ಲಾಸ್ಟಿಕ್ ಸುತ್ತಿದ ಹಾಗಿದೆ," ಎಂದಳು ಅವಳು. ಅವನು ಕ್ಲಿಪ್ಪು ಕಿತ್ತು ಮೇಜಿನ ಮೇಲೆ ಎಸೆದ. ಮೂಗು ಮಾತ್ರ ಮರುದಿನದವರೆಗೂ ಕೆಂಪಾಗಿಯೇ ಇತ್ತು. ಅವನ ಪಾಲಿಗೆ ಅದು ಹಸಿರೂ ಇರಬಹುದು.

ಡಬ್ಬದಲ್ಲಿದ್ದವನ ರಾಜ್ಯಭಾರ ಬಹಳ ಕಾಲ ನಡೆಯಲಿಲ್ಲ. ನೂರನೇ ನಂಬರಿನ ಗಾಡಿ ಪಕ್ಕದೂರುಗಳಿಗೆ ಹೋಗುವಂಥದ್ದು. ಸ್ಪೀಕರು ಅದನ್ನು "ದೂರದೇ" ಎಂದು ಕೂಗುತ್ತಿದ್ದರಿಂದ ಪಕ್ಕದೂರಿನವರು ಇದು ನಮ್ಮದಲ್ಲ ಎಂದು ಸುಮ್ಮನೆ ಕೂತರು. ದೂರದೂರಿನವರು ಗಂಟು ಮೂಟೆ ಹೊತ್ತು ಹತ್ತಿ, ಮುಂದಿನ ನಿಲ್ದಾಣದಲ್ಲಿ ಬೈದುಕೊಂಡು ಇಳಿದರು. ಜಗಳ ಮೇಲಿನವರ ತನಕ ಹೋಯಿತು. ಯಂತ್ರದವನನ್ನು ಮತ್ತೆ ಕರೆಸಿದರು. ಈ ಸಲ ಮೂಗು ಸ್ವಚ್ಛವಾಗಿದ್ದ ದಿನವೇ ಧ್ವನಿ ತುಂಬಿಸಿದರು. ಮರುದಿನ ಅಕ್ಕ ಡಬ್ಬಿ ಬಿಚ್ಚುವಾಗ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೂ ರಟ್ಟು ಸುರಿಯಿತು.

ಗಂಡ ಒಳಗೊಳಗೇ ಹಿಗ್ಗಿದ. ಆದರೆ ಹಿಗ್ಗು ಹೆಚ್ಚು ದಿನ ನಿಲ್ಲಲಿಲ್ಲ. ಹೆಂಡತಿ ಸಪ್ಪಗಾಗಿದ್ದಳು. ಹೊಲಿದ ಪರದೆಗಳು ಕೂಡ ಸೊಟ್ಟಗೆ ಬರುತ್ತಿವೆಯೆಂದು ಅಂಗಡಿಯ ಯಜಮಾನಿ ಹೇಳಿಕಳಿಸಿದಳು. ಒಂದು ರಜೆಯ ಬೆಳಿಗ್ಗೆ, ಟೀ ಲೋಟದ ಅಂಚನ್ನು ಸವರುತ್ತ ಅವನು ಹೇಳಿದ: "ನನ್ನ ಹತ್ತಿರ ಇನ್ನೊಂದು ಸದ್ದಿದೆ. ಕೇಳಿದೋರೆಲ್ಲ ನಿಲ್ಲಿಸು ಅಂದಿದ್ದಾರೆ."

"ಯಾವ ಸದ್ದು?"

"ಹಾಡು."

ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡುವಾಗ ಸಂಗೀತದ ಟೀಚರ್ ಅವನನ್ನು ಹಿಂದಿನ ಸಾಲಿಗೆ ಕರೆದು, "ನೀನು ಬಾಯಿ ಮಾತ್ರ ಆಡಿಸಪ್ಪ, ದಮ್ಮಯ್ಯ" ಎಂದಿದ್ದರಂತೆ. ಅವನಿಗೋ ಎಲ್ಲ ರಾಗವೂ ಒಂದೇ. ಪದ ಕೇಳಿದರೆ ಮಾತ್ರ ಇದು ಇಂಥ ಹಾಡು ಎಂದು ಗೊತ್ತಾಗುತ್ತಿತ್ತು. ಅಂದು ಮುಚ್ಚಿದ ಬಾಯಿಯನ್ನು ಅವನು ಹಾಡಲು ಮತ್ತೆ ತೆರೆದಿರಲಿಲ್ಲ.

"ಹಾಡಿ," ಎಂದಳು ಪರದೆ ಅಕ್ಕ.

ಅವನು ಎದ್ದುನಿಂತು, ಗಂಟಲು ಸರಿಮಾಡಿಕೊಂಡು, ಶಾಲೆಯ ಹಾಡನ್ನೇ ಎತ್ತಿಕೊಂಡ. ಮೊದಲ ಸಾಲು ನೆಲಮಾಳಿಗೆಯಲ್ಲಿ ಶುರುವಾಗಿ ತಾರಸಿಯಲ್ಲಿ ಮುಗಿಯಿತು. ಎರಡನೆಯದು ಮುಗಿಯಲೇ ಇಲ್ಲ. ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಬೇರೆಯವರು ಹಾಡಿದರೆ ಅವಳಿಗೆ ಅಂಗಡಿಯ ಪಟ್ಟೆ ಬಟ್ಟೆಯ ಹಾಗೆ ನೆಟ್ಟಗಿನ ಗೆರೆಗಳು ಕಾಣುತ್ತಿದ್ದವು. ಇದೋ, ಗುಂಡಿಗಳ ಡಬ್ಬಿಯನ್ನು ಮಹಡಿಯಿಂದ ಬೋರಲು ಹಾಕಿದಂತಿತ್ತು. ಹಳದಿಯ ಮೇಲೆ ನೇರಳೆ ಪುಟಿಯಿತು, ಕಿತ್ತಳೆ ಉರುಳಿ ಹಸಿರನ್ನು ಒದೆಯಿತು, ಅವಳಿಗೆ ಹೆಸರೇ ತಿಳಿಯದ ಬಣ್ಣಗಳು ಮಂಚದ ಕೆಳಗೆ ನುಗ್ಗಿದವು. ನಡುನಡುವೆ ಆ ಶಾಯಿಯ ನೀಲಿಯೂ ಇಣುಕಿತು, ಆದರೆ ಇಷ್ಟರ ಮಧ್ಯೆ ಅದಕ್ಕೆ ಅಂಥ ಮರ್ಯಾದೆಯೇನೂ ಉಳಿದಿರಲಿಲ್ಲ.

"ನಿಲ್ಲಿಸಬೇಡಿ ರೀ! ಇನ್ನೊಂದು ಸಾಲು!"

ಹುಟ್ಟಿದಾಗಿನಿಂದ ಆ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅವನು ಎರಡು ಕೈಯನ್ನೂ ಚಾಚಿ ಧ್ವನಿ ಏರಿಸಿದ. ಅದೇ ಹೊತ್ತಿಗೆ ಕೆಳಗಿನ ಮನೆಯಿಂದ ಪೊರಕೆಯ ಹಿಡಿಯಲ್ಲಿ ಛಾವಣಿಯನ್ನು ಧಡಧಡ ಕುಟ್ಟುವುದು ಕೇಳಿತು, ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಆಮೇಲೆ ಬಾಗಿಲ ಗಂಟೆ.

ಕೆಳಗಿನ ಮನೆಯಲ್ಲಿದ್ದವರು ಪಿಟೀಲು ಮೇಷ್ಟ್ರು. ಕಿವಿ ಎಂದರೆ ಅವರದು. ಲಿಫ್ಟಿನ ಗಂಟೆಯ ಶ್ರುತಿ ಒಂದು ಕೂದಲೆಳೆಯಷ್ಟು ಇಳಿದಿದೆಯೆಂದು ಮೆಟ್ಟಿಲಲ್ಲೇ ಓಡಾಡುವ ಮನುಷ್ಯ.

"ಯಾರಿಗೆ ಏನಾಯ್ತಮ್ಮಾ? ಆಂಬುಲೆನ್ಸ್ ಕರೀಲಾ?" ಎಂದರು ಏದುಸಿರು ಬಿಡುತ್ತ.

"ಏನಿಲ್ಲ ಮೇಷ್ಟ್ರೇ. ನಮ್ಮೋರು ಹಾಡ್ತಿದ್ದರು. ಅಪಸ್ವರ ಅಂತ ನಿಮಗೆ ತೊಂದ್ರೆ ಆಯ್ತೇನೋ."

"ಅಪಸ್ವರಾನಾ! ಅಪಸ್ವರಕ್ಕೂ ಒಂದು ಸ್ವರ ಅಂತ ಇರುತ್ತಮ್ಮಾ. ಇದು ಅದೂ ಅಲ್ಲ!"

ಅಕ್ಕ ಅವರನ್ನು ಕೂರಿಸಿ, ಟೀ ಕೊಟ್ಟು, ತನಗೆ ಕಂಡದ್ದನ್ನು ವಿವರಿಸಿದಳು. ಒಬ್ಬರಿಗೆ ಹೇಳಿ ಧೈರ್ಯ ಬಂದಿತ್ತು. ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಲೋಟ ತಿರುಗಿಸುತ್ತ ಮೆಲ್ಲಗೆ ಕೇಳಿದರು: "ನನ್ನ ಪಿಟೀಲು ದಿನಾ ಕೇಳ್ತೀರಲ್ಲ. ಅದು ಯಾವ ಬಣ್ಣ?"

ಅಕ್ಕ ಗಂಡನ ಮುಖ ನೋಡಿದಳು. ಗಂಡ ಛಾವಣಿ ನೋಡಿದ.

"ಬೂದು, ಮೇಷ್ಟ್ರೇ."

"ಬೂದಾ?"

"ತುಂಬಾ ಅಚ್ಚುಕಟ್ಟಾದ ಬೂದು. ಇಸ್ತ್ರಿ ಹಾಕಿದ ಹಾಗೆ. ಒಂದು ಸುಕ್ಕಿಲ್ಲ."

ಮೇಷ್ಟ್ರು ಅರ್ಧ ಟೀ ಬಿಟ್ಟು ಎದ್ದುಹೋದರು. ಸಿಟ್ಟಾದರೆಂದು ಗಂಡ ಹೆಂಡತಿ ಪೇಚಾಡುತ್ತಿರುವಾಗಲೇ ಪಿಟೀಲು ಹಿಡಿದು ಮತ್ತೆ ಹತ್ತಿಬಂದರು. ನಿಧಾನವಾಗಿ ಒಂದು ನುಡಿಸಿ, "ಈಗ?" ಎಂದರು. ಬೂದು. ಬಿರುಸಾಗಿ ಒಂದು ನುಡಿಸಿದರು. ಬೂದೇ, ಸ್ವಲ್ಪ ಬೇಗ ಬೇಗ. ಕಣ್ಣು ಮುಚ್ಚಿ, ಕರುಳು ಕಿತ್ತುಬರುವಂಥದ್ದೊಂದನ್ನು ಎತ್ತಿಕೊಂಡರು. ಅದನ್ನು ಕೇಳಿ ಅನೌನ್ಸರನಿಗೆ ಹುರುಪು ಬಂದು, ತನಗೂ ಇದು ಗೊತ್ತು ಎಂಬಂತೆ ನಡುವೆ ಬಾಯಿ ಹಾಕಿದ. ಮೇಷ್ಟ್ರ ಕೈ ಬೆಚ್ಚಿ ಕಮಾನು ತಂತಿಯ ಮೇಲೆ ಕರ್ರ್ ಎಂದು ಜಾರಿತು.

"ಅಯ್ಯೋ, ಇದು! ಇದು ನವಿಲಿನ ಬಣ್ಣ ಮೇಷ್ಟ್ರೇ!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು.

"ಅದು ಕೈ ಜಾರಿದ್ದಮ್ಮಾ!" ಎಂದು ಕೂಗಿದ ಮೇಷ್ಟ್ರು ಪಿಟೀಲನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದುಹೋದರು.

ಕೊನೆಗೆ ರಾಜಿಯಾಯಿತು. ಮೇಷ್ಟ್ರು ಸಂಜೆ ವಾಕಿಂಗಿಗೆ ಹೊರಡುವಾಗ ಕೆಳಗಿನಿಂದ ಕೂಗಿ ಹೇಳಬೇಕು, ಅವರು ರಸ್ತೆಯ ತಿರುವು ದಾಟಿದ ಮೇಲೆ ಅನೌನ್ಸರ್ ಹಾಡಬೇಕು, ಮರಳಿ ಬರುವುದರೊಳಗೆ ಮುಗಿಸಬೇಕು. ಹಾಗೆಯೇ ನಡೆಯುತ್ತಿದೆ. ಪರದೆಗಳು ನೆಟ್ಟಗೆ ಬರುತ್ತಿವೆ. ಗಂಡ ಮನೆಯಲ್ಲಿ ಮಾತಾಡುವುದೆಲ್ಲ ಈಗಲೂ ರಟ್ಟೇ. ಅದು ಕಣ್ಣಿಗೆ ಹಿತವೆಂದೂ, ದಿನವಿಡೀ ಗುಂಡಿಗಳು ಪುಟಿದರೆ ಮನುಷ್ಯರಿಗೆ ತಲೆ ತಿರುಗೀತೆಂದೂ ಅಕ್ಕ ತಂಗಿಗೆ ಹೇಳಿದ್ದಾಳೆ.

ಅಕ್ಕ ಮನೆಯಲ್ಲಿರುವ ರಜೆಯ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಕೆಳಗಿನ ಮನೆಯಿಂದ ಒಂದೇ ಒಂದು ಸಲ ಕರ್ರ್ ಎಂಬ ಸದ್ದು ಬರುತ್ತದೆ. ಆಮೇಲೆ, ಯಾರಾದರೂ ಕೇಳಿದರೋ ಎಂದು ಕಿವಿ ನಿಮಿರಿಸಿಕೊಂಡಂಥ ನಿಶ್ಶಬ್ದ. ಅಕ್ಕ ಕಿಟಕಿಯಿಂದ ಬಗ್ಗಿ, "ಮೇಷ್ಟ್ರೇ, ಇದು ಹೋದ ಸಲಕ್ಕಿಂತ ಚೆನ್ನಾಗಿತ್ತು!" ಎಂದು ಕೂಗುತ್ತಾಳೆ. ಕೆಳಗೆ ಕಿಟಕಿ ದಢಾರನೆ ಮುಚ್ಚಿಕೊಳ್ಳುತ್ತದೆ.